ಬೆಂಗಳೂರಿನಿಂದ ಒಂದು ಹಗಲಿಗೆ ಕಡಲ ತೀರದ ಊರು: ರೈಲಿನಲ್ಲಿ ಆಗುತ್ತದೆಯೇ?

ಪ್ರಶ್ನೆ: ಡಿಸೆಂಬರಿನಲ್ಲಿ ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಕರಾವಳಿಯ ಯಾವುದಾದರೂ ಹಳ್ಳಿಗೆ ರೈಲಿನಲ್ಲಿ ಹೋಗಿಬರುವ ಆಸೆ. ರೂಮು ಮಾಡುವ ಯೋಚನೆ ಇಲ್ಲ, ರಜೆಯೂ ಸಿಗುವುದಿಲ್ಲ. ಸಾಧ್ಯವೇ?

ಉತ್ತರ: ಸಾಧ್ಯ. ಹಗಲು ಒಂದು, ರಾತ್ರಿ ಎರಡು ಅಂತ ಲೆಕ್ಕ ಹಾಕಿಕೊಳ್ಳಿ. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮರಳಲು ಘಟ್ಟ ಬಿಡುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ, ಐವತ್ತು ಅಡಿಗೆ ಒಂದಡಿಯಂತೆ ಇಳಿಜಾರು. ಅಲ್ಲಿ ಯಾವ ರೈಲೂ ಓಡುವುದಿಲ್ಲ, ನಿಧಾನವಾಗಿ ಇಳಿಯುತ್ತದೆ.

ನಿಮಗೆ ಬೇಕಾದದ್ದು ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್. ಗಂಗೊಳ್ಳಿಯ ಬಳಿ ಐದು ಹೊಳೆಗಳು ಒಟ್ಟಾಗಿ ಕಡಲು ಸೇರುತ್ತವಲ್ಲ, ಆ ಪಂಚಗಂಗಾವಳಿಯದೇ ಹೆಸರು. ಶನಿವಾರ ಸಂಜೆ ಇಲ್ಲಿ ಹತ್ತಿದರೆ ಭಾನುವಾರ ನಸುಕಿಗೆ ಕುಂದಾಪುರ ದಾಟುತ್ತದೆ. ಅದೇ ಸಂಜೆ ಕಾರವಾರದಿಂದ ಹೊರಟು ಸೋಮವಾರ ಬೆಳಿಗ್ಗೆ ನಿಮ್ಮನ್ನು ಯಶವಂತಪುರದಲ್ಲಿ ಇಳಿಸುತ್ತದೆ.

ಎಲ್ಲಿ ಇಳಿಯಬೇಕು ಎನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ಹೆಚ್ಚಿನವರು ಗೋಕರ್ಣ, ಕಾರವಾರ ಅನ್ನುತ್ತಾರೆ. ಒಂದೇ ಹಗಲು ಕೈಯಲ್ಲಿರುವವರಿಗೆ ನಾನು ಅದನ್ನು ಹೇಳುವುದಿಲ್ಲ. ರೈಲು ತೆಂಕಲಿಂದ ಬಡಗಲಿಗೆ ಹೋಗಿ ಅದೇ ದಾರಿಯಲ್ಲಿ ಮರಳುತ್ತದೆ. ಹಾಗಾಗಿ ತೆಂಕಲ ಊರುಗಳಿಗೆ ಅದು ಬೇಗ ಬರುತ್ತದೆ, ಅಲ್ಲಿಂದ ತಡವಾಗಿ ಹೊರಡುತ್ತದೆ. ಚಳಿಗಾಲದಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾರವಾರಕ್ಕೆ ಹೋದವರು ಆ ಹೊತ್ತಿಗೆ ರೈಲಿನೊಳಗಿರುತ್ತಾರೆ. ಕುಂದಾಪುರ ದಾಟಿದ ಮೇಲೆ ಸಿಗುವ ಬೈಂದೂರಿನಲ್ಲಿ ಇಳಿದವರಿಗೆ ಸೂರ್ಯ ಮುಳುಗುವುದನ್ನು ನೋಡಿ, ಕಾಲಿನ ಮರಳು ಕೊಡವಿ, ಚಹಾ ಕುಡಿದು ಸ್ಟೇಷನ್ನಿಗೆ ಬರುವಷ್ಟು ಪುರುಸೊತ್ತಿರುತ್ತದೆ.

ಟಿಕೆಟ್ ಮಾಡುವಾಗ ಈ ನಿಲ್ದಾಣವನ್ನು ಮೂಕಾಂಬಿಕಾ ರೋಡ್ ಬೈಂದೂರು ಎಂದು ಹುಡುಕಿ. ಕೊಲ್ಲೂರಿಗೆ ಹೋಗುವವರೂ ಇಲ್ಲೇ ಇಳಿಯುತ್ತಾರೆ. ಇಳಿದಾಗ ಇನ್ನೂ ಕತ್ತಲಿರುತ್ತದೆ, ಡಿಸೆಂಬರಿನಲ್ಲಿ ಸೂರ್ಯ ಕಾಣಲು ಆರೂಮುಕ್ಕಾಲು ದಾಟಬೇಕು. ಅಮ್ಮನನ್ನು ಅವಸರ ಮಾಡಿಸಬೇಡಿ. ಸ್ಟೇಷನ್ನಿನಲ್ಲೇ ಕೂತು, ಮುಖ ತೊಳೆದು, ಬೆಳಕು ಹರಿದ ಮೇಲೆ ಆಟೋ ಹಿಡಿಯಿರಿ.

ಮೊದಲು ಸೋಮೇಶ್ವರದ ಕಡಲ ತೀರ, ಹತ್ತಿರದ ಒತ್ತಿನೆಣೆ ಗುಡ್ಡ. ಬೆಳಗಿನ ಹೊತ್ತು ದೋಣಿಗಳು ದಡಕ್ಕೆ ಬರುತ್ತಿರುತ್ತವೆ. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೇ ಮುಗಿದಿರುತ್ತದೆ, ಈಗ ಕಡಲೂ ಶಾಂತ. ಅದೃಷ್ಟವಿದ್ದರೆ ದಡದಲ್ಲೇ ನಿಂತು ಕೈರಂಪಣಿ ಬಲೆ ಎಳೆಯುವುದು ನೋಡಲು ಸಿಗುತ್ತದೆ. ಎರಡು ಸಾಲು ಜನ ಮರಳಲ್ಲಿ ಕಾಲೂರಿ ಹಗ್ಗ ಜಗ್ಗುತ್ತಾ ಬರುವುದನ್ನು ನೋಡುತ್ತಾ ನಾನು ಒಮ್ಮೆ ತಿಂಡಿಯನ್ನೇ ಮರೆತಿದ್ದೆ. ಅದು ಅವರ ದುಡಿಮೆ. ಫೋನು ಹಿಡಿಯುವ ಮೊದಲು ಒಂದು ಮಾತು ಕೇಳಿ.

ಮಧ್ಯಾಹ್ನ ಬಸ್ಸಿನಲ್ಲಿ ಕುಂದಾಪುರದ ಕಡೆಗೆ ಮರವಂತೆಗೆ ಬನ್ನಿ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮೀನು ತಿನ್ನದವರಿಗೆ ಗಂಜಿ, ಉಪ್ಪಿನಕಾಯಿಯೂ ಒಗ್ಗುತ್ತದೆ. ಇಲ್ಲಿ ಕಡಲಿಗೆ ಮಾತ್ರ ಇಳಿಯಬೇಡಿ, ದಡದಲ್ಲಿ ಬಂಡೆಗಲ್ಲು ಸುರಿದಿದ್ದಾರೆ, ಸೆಳೆತವೂ ಜೋರು. ಸಂಜೆಗೆ ಬೈಂದೂರಿಗೇ ಮರಳಿ.

ಮುರುಡೇಶ್ವರವನ್ನೂ ಸೇರಿಸಿಕೊಳ್ಳೋಣ ಅನ್ನಿಸುತ್ತದೆ. ಬೇಡ. ಅಮ್ಮನ ಜೊತೆಗಿನ ಭಾನುವಾರ ಬಸ್‌ಸ್ಟ್ಯಾಂಡುಗಳಲ್ಲೇ ಕಳೆಯುತ್ತದೆ.

ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಕ್ರಿಸ್‌ಮಸ್ ವಾರದ್ದು ಬೇಗ ಖಾಲಿ. ಹೋಗುವಾಗ, ಬರುವಾಗ ಎರಡನ್ನೂ ಒಟ್ಟಿಗೇ ಮಾಡಿ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಅಮ್ಮನ ವಯಸ್ಸನ್ನು ಸರಿಯಾಗಿ ನಮೂದಿಸಿ. ಹೊರಡುವ ಮುನ್ನ ವೇಳೆಯನ್ನೂ ನೋಡಿಕೊಳ್ಳಿ. ಸ್ವೆಟರ್ ರೈಲಿಗೆ ಸಾಕು, ಹತ್ತು ಗಂಟೆಗೆ ಕರಾವಳಿಯಲ್ಲಿ ಬೆವರುತ್ತದೆ. ಹತ್ತಿಯ ಬಟ್ಟೆ, ಛತ್ರಿ ಇರಲಿ.

ಒಂದು ಸಂಕಟ ಮಾತ್ರ ಉಳಿಯುತ್ತದೆ. ಇದು ಯಕ್ಷಗಾನ ಮೇಳಗಳ ತಿರುಗಾಟದ ಕಾಲ. ನೀವು ಸ್ಟೇಷನ್ನಿಗೆ ಹೊರಡುವ ಹೊತ್ತಿಗೆ ಯಾವುದಾದರೂ ಗದ್ದೆಯಲ್ಲಿ ರಂಗಸ್ಥಳ ಕಟ್ಟುತ್ತಿರುತ್ತಾರೆ. ಆಟ ನೋಡಬೇಕೆಂದರೆ ಸೋಮವಾರಕ್ಕೆ ಒಂದು ರಜೆ ಕೇಳಲೇಬೇಕು.