ದಂಡದ ರಸೀದಿ ಅನುಮತಿ ಪತ್ರವಲ್ಲ

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ, ಅಶೋಕ ರಸ್ತೆಗಳ ಸಣ್ಣ ವ್ಯಾಪಾರಿಗಳು ಫುಟ್‌ಪಾತ್ ಮೇಲಿನ ಫಲಕದ ತಕರಾರು ಹಿಡಿದು ನನ್ನ ವಕೀಲಿ ಕಚೇರಿಗೆ ಬಂದಾಗ ಮೇಜಿನ ಮೇಲೆ ಮೊದಲು ಇಡುವ ಕಾಗದ ಬಹುತೇಕ ಒಂದೇ ಆಗಿರುತ್ತದೆ. ಅದು ಹಿಂದೊಮ್ಮೆ ಮಹಾನಗರ ಪಾಲಿಕೆಗೆ ದಂಡ ಕಟ್ಟಿದ ರಸೀದಿ. ಕೆಲವರು ಅದನ್ನು ಲ್ಯಾಮಿನೇಷನ್ ಮಾಡಿಸಿರುತ್ತಾರೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಉದ್ದಿಮೆ ಪರವಾನಗಿಯ ಪಕ್ಕಕ್ಕೇ ಅಂಟಿಸಿಕೊಂಡವರನ್ನೂ ಕಂಡಿದ್ದೇನೆ. “ರೊಕ್ಕ ಕಟ್ಟೀನಿ ಸರ್, ರಸೀದಿ ಐತಿ, ಮತ್ಯಾಕೆ ಬೋರ್ಡ್ ಎತ್ಕೊಂಡು ಹೋದ್ರು?” ಎಂದು ಕೇಳುತ್ತಾರೆ. ನಾನು ಕೊಡುವ ಉತ್ತರ ಅವರಿಗೆ ಹಿಡಿಸುವುದಿಲ್ಲ. ಆದರೂ ಅದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ಒಂದು ಸಂಗತಿ ತಿಳಿಯದೆ ಪದೇಪದೇ ದಂಡ ತೆರುತ್ತಿರುವವರು ಅದನ್ನು ತೆರುವ ಶಕ್ತಿಯುಳ್ಳವರಲ್ಲ.

ದಂಡವೆಂಬುದು ಆಗಿಹೋದ ಉಲ್ಲಂಘನೆಗೆ ತೆತ್ತ ಹಣ. ಮಂಗಳವಾರ ಫಲಕವನ್ನು ಫುಟ್‌ಪಾತ್ ಮೇಲೆ ನಿಲ್ಲಿಸಿದ್ದಕ್ಕೆ ದಂಡ ಕಟ್ಟಿದರೆ ಮಂಗಳವಾರದ ಲೆಕ್ಕವಷ್ಟೇ ಮುಗಿಯುತ್ತದೆ. ಬುಧವಾರ ಬೆಳಿಗ್ಗೆ ಷಟರ್ ಎತ್ತಿ ಅದೇ ಫಲಕವನ್ನು ಅದೇ ಚಪ್ಪಡಿಯ ಮೇಲೆ ಇಟ್ಟರೆ ಅದು ಹೊಸ ಉಲ್ಲಂಘನೆ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ದಂಡ ಕಟ್ಟಿದವನಿಗೆ ಇನ್ನು ಮುಂದೆ ಹೆಲ್ಮೆಟ್ ಇಲ್ಲದೆ ಓಡಾಡುವ ಹಕ್ಕು ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು; ಫಲಕದ ವಿಷಯಕ್ಕೆ ಬಂದಾಗ ಮಾತ್ರ ಅದೇ ತಿಳಿವಳಿಕೆ ಕೈಕೊಡುತ್ತದೆ. ಇನ್ನೂ ಒಂದು ಮಾತನ್ನು ಒತ್ತಿ ಹೇಳಬೇಕು. ಆ ರಸೀದಿ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ, ವಿರುದ್ಧವಾಗಿ ಹೇಳುತ್ತದೆ. ಅಲ್ಲಿ ಫಲಕ ಇಡಬಾರದೆಂಬುದು ನಿಮಗೆ ಮೊದಲೇ ತಿಳಿದಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಎದುರು ಪಕ್ಷಕ್ಕೆ ಬೇಕಾಗಿಲ್ಲ. ಆದ್ದರಿಂದ ರಸೀದಿಯನ್ನು ಜೋಪಾನ ಮಾಡಿ, ಆದರೆ ಮೊದಲು ಓದಿ. ಹಣ ಯಾವ ಬಾಬ್ತಿನಲ್ಲಿ ಜಮಾ ಆಗಿದೆ ಎಂಬುದನ್ನು ಅದರಲ್ಲಿ ಬರೆದಿರುತ್ತದೆ. ‘ದಂಡ’ ಎಂದಿದ್ದರೆ ಅದು ದಂಡವೇ. ‘ಶುಲ್ಕ’ ಎಂದಿದ್ದರೆ ಯಾವುದರ ಶುಲ್ಕವೆಂದು ನೋಡಿ. ಉದ್ದಿಮೆ ಪರವಾನಗಿಯದೋ, ಕಸ ವಿಲೇವಾರಿಯದೋ ಆಗಿದ್ದರೆ ಅದಕ್ಕೂ ಫಲಕಕ್ಕೂ ಸಂಬಂಧವಿಲ್ಲ.

ಈ ಗೊಂದಲದ ಬೇರು ಎಲ್ಲಿದೆಯೆಂದರೆ, ಮೂರು ಬೇರೆ ಬೇರೆ ವಿಷಯಗಳನ್ನು ನಮ್ಮ ವ್ಯಾಪಾರಿಗಳು ಒಂದೇ ಎಂದು ಭಾವಿಸಿದ್ದಾರೆ. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ ಕಲಂ 353ರ ಅಡಿಯಲ್ಲಿ ಸಿಗುವ ಉದ್ದಿಮೆ ಪರವಾನಗಿಯು ಆ ಮಳಿಗೆಯೊಳಗೆ ಆ ವ್ಯವಹಾರ ನಡೆಸಲು ಕೊಟ್ಟ ಒಪ್ಪಿಗೆ. ಜಾಹೀರಾತು ಪ್ರದರ್ಶಿಸಲು ಕಲಂ 135ರ ಅಡಿಯಲ್ಲಿ ಆಯುಕ್ತರ ಲಿಖಿತ ಅನುಮತಿ ಬೇಕು, ಅದು ಎರಡನೆಯದು. ಸಾರ್ವಜನಿಕ ಬೀದಿಯ ಒಂದು ತುಂಡು ನೆಲವನ್ನು ಆಕ್ರಮಿಸಿಕೊಳ್ಳುವುದು ಮೂರನೆಯದು. ಕಾನೂನಿನ ಕಣ್ಣಿನಲ್ಲಿ ಬೀದಿಯೆಂದರೆ ಡಾಂಬರು ಹಾಕಿದ ಭಾಗವಷ್ಟೇ ಅಲ್ಲ, ಕಾಲುದಾರಿಯೂ ಅದರಲ್ಲಿ ಸೇರುತ್ತದೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬರುವುದಿಲ್ಲ, ಎರಡನೆಯದು ಇದ್ದ ಮಾತ್ರಕ್ಕೆ ಮೂರನೆಯದು ಬರುವುದಿಲ್ಲ.

ಸ್ವಲ್ಪ ಓದಿಕೊಂಡವರು ಇಲ್ಲಿ ಇನ್ನೊಂದು ವಾದ ತರುತ್ತಾರೆ. ತನ್ನದೇ ವ್ಯಾಪಾರದ ಫಲಕಕ್ಕೆ ವಿನಾಯಿತಿ ಇದೆಯಲ್ಲವೇ ಎಂಬುದು ಅವರ ಪ್ರಶ್ನೆ. ಜಾಹೀರಾತು ತೆರಿಗೆಯ ಕಲಂ 134ರಲ್ಲಿ ಅಂಥ ವಿನಾಯಿತಿ ಇದ್ದದ್ದು ನಿಜ. ಆದರೆ ಆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಓದಬೇಕು: ಯಾವ ಜಮೀನಿನಲ್ಲಿ ಅಥವಾ ಕಟ್ಟಡದಲ್ಲಿ ವ್ಯಾಪಾರ ನಡೆಯುತ್ತದೆಯೋ ಅದೇ ಜಮೀನಿನ ಅಥವಾ ಕಟ್ಟಡದ ಮೇಲೆ ಇರುವ ಫಲಕಕ್ಕೆ ಆ ರಿಯಾಯಿತಿ. ಅಂಗಡಿಯ ಹಣೆಯ ಮೇಲಿನ ಹೆಸರಿನ ಹಲಗೆ, ಕಿಟಕಿಯ ಗಾಜಿನೊಳಗಿನ ದರಪಟ್ಟಿ ಅದರೊಳಗೆ ಬರುತ್ತವೆ. ಮೆಟ್ಟಿಲು ಇಳಿದು ಫುಟ್‌ಪಾತಿಗೆ ಕಾಲಿಟ್ಟ ಫಲಕ, ಅದು ಅಂಗಡಿಯಿಂದ ಒಂದೇ ಗೇಣು ದೂರದಲ್ಲಿದ್ದರೂ, ನಿಮ್ಮ ಕಟ್ಟಡದ ಮೇಲಿನ ಫಲಕವಾಗಿ ಉಳಿಯುವುದಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಜಾಹೀರಾತು ತೆರಿಗೆ ಅದರಲ್ಲಿ ಲೀನವಾದ ಮೇಲೆ ಅನುಮತಿಯ ಅಗತ್ಯವೂ ಹೋಯಿತೆಂದು ನಂಬಿದವರಿದ್ದಾರೆ. ಹೋದದ್ದು ತೆರಿಗೆ ಮಾತ್ರ.

ಇನ್ನು ನೋಟಿಸಿನ ಮಾತು. “ನೋಟಿಸು ಕೊಡದೆ ಹೇಗೆ ಒಯ್ದರು?” ಎಂಬ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದೇ ಅಧಿನಿಯಮದ ಕಲಂ 288-ಡಿ, ಬೀದಿಗೆ ಅಡ್ಡಿಯಾಗಿ ಇಟ್ಟ ವಸ್ತುವನ್ನು, ಅದು ನೆಟ್ಟಿದ್ದಾಗಿರಲಿ, ಎತ್ತಿಡಬಹುದಾದದ್ದಾಗಿರಲಿ, ನೋಟಿಸಿಲ್ಲದೆ ತೆರವುಗೊಳಿಸುವ ಅಧಿಕಾರವನ್ನು ಆಯುಕ್ತರಿಗೆ ಕೊಡುತ್ತದೆ. ಇದೇ ಬಗೆಯ ಅಧಿಕಾರ ಮುಂಬೈ ಪಾಲಿಕೆಯ ಕಾಯಿದೆಯಲ್ಲೂ ಇದ್ದು, 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪರಿಶೀಲಿಸಿತು. ಫುಟ್‌ಪಾತನ್ನು ಸ್ವಂತಕ್ಕೆ ಬಳಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದೂ, ಆದರೆ ನೋಟಿಸಿಲ್ಲದೆ ತೆರವು ಮಾಡಬಹುದು ಎಂಬುದು ವಿವೇಚನೆಗೆ ಬಿಟ್ಟ ಅಧಿಕಾರವೇ ಹೊರತು ಹಾಗೆಯೇ ಮಾಡಬೇಕೆಂಬ ಆಜ್ಞೆಯಲ್ಲವೆಂದೂ, ಸಾಮಾನ್ಯವಾಗಿ ಮೊದಲು ಸಂಬಂಧಪಟ್ಟವರ ಮಾತು ಕೇಳಿಯೇ ಮುಂದುವರಿಯಬೇಕೆಂದೂ ನ್ಯಾಯಾಲಯ ಹೇಳಿತು. ಆ ಪ್ರಕರಣ ವಾಸದ ಜೋಪಡಿಗಳದು, ಎತ್ತಿ ಒಳಗಿಡಬಹುದಾದ ಫಲಕಗಳದಲ್ಲ. ಹಾಗಾಗಿ ಅದನ್ನು ನಂಬಿ ಫಲಕಕ್ಕಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಎಂದು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಪ್ರತಿಯೊಂದು ಪ್ರಕರಣದ ಸಂಗತಿ ಬೇರೆಯಾಗಿರುತ್ತದೆ ಎಂಬುದನ್ನೂ ಮರೆಯಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 285 ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದ್ದಕ್ಕೆ 5,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 200 ರೂಪಾಯಿ ಇತ್ತು. “ಇನ್ನೂರು ಕಟ್ಟಿದರಾಯಿತು” ಎಂಬ ಹಳೆಯ ಧೈರ್ಯವನ್ನು ಬಿಡಬೇಕು.

ತಳ್ಳುಗಾಡಿಯವರನ್ನು ತೋರಿಸಿ “ಅವರಿಗೆ ಬಿಟ್ಟು ನನಗೇಕೆ ಇಲ್ಲ?” ಎನ್ನುವವರಿಗೂ ಒಂದು ಮಾತು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯಿದೆಯಲ್ಲಿ ಪ್ರಮಾಣಪತ್ರ ಪಡೆಯುವವನು ತನಗೆ ಬೇರೆ ಜೀವನೋಪಾಯವಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಮಳಿಗೆಯ ಬಾಡಿಗೆ ಕರಾರು ಕೈಯಲ್ಲಿ ಹಿಡಿದುಕೊಂಡು ಆ ರಕ್ಷಣೆಯನ್ನು ಕೇಳಲು ಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಿಯಮದ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲವೆಂಬುದನ್ನು ನಾನು ಬಲ್ಲೆ. ಮುಖ್ಯರಸ್ತೆಗೆ ಇಪ್ಪತ್ತು ಅಡಿ ಮುಖವಿರುವ ಬಟ್ಟೆ ಮಳಿಗೆಗೆ ಫುಟ್‌ಪಾತಿನ ಫಲಕ ಬೇಕಾಗಿಯೇ ಇಲ್ಲ. ಅದರ ಹೆಸರು ಎದುರಿನ ರಸ್ತೆಯಿಂದಲೇ ಕಾಣುತ್ತದೆ. ಮಹಡಿಯ ಮೇಲಿರುವವರು, ನೆಲಮಾಳಿಗೆಯಲ್ಲಿರುವವರು, ಎರಡು ದೊಡ್ಡ ಅಂಗಡಿಗಳ ನಡುವಿನ ಸಂದಿಯಲ್ಲಿ ಒಳಗೆ ಹೋಗಬೇಕಾದ ವಾಚು ರಿಪೇರಿಯವರು, ಝೆರಾಕ್ಸ್‌ನವರು, ದರ್ಜಿಗಳು ಆ ಎರಡೂವರೆ ಅಡಿಯ ಹಲಗೆಯಿಂದಲೇ ದಿನದ ಮೊದಲ ಗಿರಾಕಿಯನ್ನು ಕಾಣುತ್ತಾರೆ. ಚೌಕಿಪೇಟೆಯ ಆಸುಪಾಸಿನಲ್ಲಿ ಮೊದಲ ಮಹಡಿಯ ಕೋಣೆಯೊಂದರಲ್ಲಿ ಸೀರೆಗೆ ಫಾಲ್, ಪಿಕೊ ಹಾಕಿಕೊಡುವ ಹೆಣ್ಣುಮಗಳೊಬ್ಬರು ನನ್ನ ಕಕ್ಷಿದಾರರು. ಕೆಳಗೆ ಸೀರೆ ಕೊಂಡವರು ಅಲ್ಲಿಯೇ ಫಾಲ್ ಹಾಕಿಸಿಕೊಳ್ಳಲಿ ಎಂಬ ಲೆಕ್ಕದಿಂದ ಅವರು ಮೆಟ್ಟಿಲ ಬುಡದ ಫುಟ್‌ಪಾತಿನಲ್ಲಿ ಕಬ್ಬಿಣದ ಚೌಕಟ್ಟಿಗೆ ಫ್ಲೆಕ್ಸ್ ಬಿಗಿದ ಫಲಕ ನಿಲ್ಲಿಸಿದ್ದರು, ಗಾಳಿಗೆ ಬೀಳದಂತೆ ಅದರ ಕಾಲಿಗೆ ಕಲ್ಲು ಕಟ್ಟಿದ್ದರು. ತೆರವಿನ ವೇಳೆ ಫಲಕ ಹೋಯಿತು. “ಬೋರ್ಡ್ ಇಲ್ಲದ ದಿನ ಬರೀ ಗುರ್ತಿರೋರೇ ಬರ್ತಾರೆ ಸರ್, ಹೊಸಬ್ರು ಯಾರೂ ಮೇಲೆ ನೋಡೋದಿಲ್ಲ” ಎಂದರು. ಅವರ ಕೈಯಲ್ಲೂ ಒಂದು ರಸೀದಿ ಇತ್ತು.

ನಾನು ಹೋಗಿ ಜಾಗ ನೋಡಿದೆ. ಮೆಟ್ಟಿಲು ಶುರುವಾಗುವುದು ಕಟ್ಟಡದ ಗೋಡೆಯಿಂದ ಎರಡು ಅಡಿ ಒಳಗೆ. ಆ ಎರಡು ಅಡಿ ಮಾಲೀಕರ ಖಾತೆಯ ಜಾಗ, ಬೀದಿಯದಲ್ಲ. ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಒಳಗೋಡೆಗೆ ಹಲಗೆ ಹೊಡೆಸಿದೆವು. ಮೆಟ್ಟಿಲುಗಳ ಎದುರು ಮುಖಕ್ಕೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ಪದದಂತೆ, ದಪ್ಪ ಅಕ್ಷರದಲ್ಲಿ ಬಣ್ಣ ಬರೆಸಿದರು. ಕೆಳಗಿನ ಸೀರೆ ಅಂಗಡಿಯವರು ತಮ್ಮ ಗಾಜಿನ ಒಳಬದಿಗೆ ಒಂದು ಚೀಟಿ ಅಂಟಿಸಿಕೊಳ್ಳಲು ಒಪ್ಪಿದರು. ಫಲಕ ಹೋದಾಗ ಕಳೆದುಕೊಂಡ ಗಿರಾಕಿಗಳೆಲ್ಲ ಮರಳಿದರೆಂದು ಹೇಳಲಾರೆ. ಆದರೆ ಅವರು ಆಮೇಲೆ ದಂಡ ಕಟ್ಟಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದು ಏಕೆಂದರೆ, ಬಹುತೇಕ ಹಳೆಯ ಪೇಟೆಯ ಕಟ್ಟಡಗಳಲ್ಲಿ ಇಂಥ ಒಂದೆರಡು ಅಡಿ ಸಿಗುತ್ತದೆ, ಆದರೆ ಯಾರೂ ಅಳೆದು ನೋಡಿರುವುದಿಲ್ಲ. ಫಲಕ ಮಾಡಿಸುವ ಮೊದಲು ಖಾತೆಯಲ್ಲಿನ ಅಳತೆಯನ್ನು ಟೇಪು ಹಿಡಿದು ನೆಲದ ಮೇಲೆ ಗುರುತಿಸಿಕೊಳ್ಳಿ. ಚರಂಡಿಯ ಮೇಲಿನ ಚಪ್ಪಡಿ ನಿಮ್ಮದಲ್ಲ, ಅದನ್ನು ನೀವೇ ಹಣ ಹಾಕಿ ಹಾಸಿದ್ದರೂ ನಿಮ್ಮದಲ್ಲ. ಗೋಡೆಯಿಂದ ಬೀದಿಯ ಕಡೆಗೆ ಚಾಚಿದ ಫಲಕ ನೆಲ ಮುಟ್ಟದಿದ್ದರೂ ಬೀದಿಯ ಮೇಲಿನ ಆಕಾಶವನ್ನು ಬಳಸುತ್ತದೆ, ಅದಕ್ಕೂ ಅನುಮತಿ ಬೇಕು. ಹೊಸದಾಗಿ ಮಾಡಿಸುವುದಾದರೆ ಪಿವಿಸಿ ಫ್ಲೆಕ್ಸ್‌ಗೆ ಹಣ ಹಾಕಬೇಡಿ: ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಫ್ಲೆಕ್ಸ್ ನಿಷೇಧಿಸಿದೆ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳನ್ನು ಕೇಂದ್ರವೂ 2022ರ ಜುಲೈ 1ರಿಂದ ನಿಷೇಧಿಸಿದೆ. ಹೆಸರಿನ ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲರ್ಧದಲ್ಲಿರಬೇಕು ಎಂಬ 2024ರ ತಿದ್ದುಪಡಿಯನ್ನೂ ಬಣ್ಣದವರಿಗೆ ಮೊದಲೇ ಹೇಳಿ.

ಫುಟ್‌ಪಾತನ್ನು ಬಿಡಿಸಿಕೊಡುವ ನಿಯಮದ ಮೇಲೆ ನನಗೆ ತಕರಾರಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದಷ್ಟು ಜಾಗ ಯಾವ ಅಡ್ಡಿಯೂ ಇಲ್ಲದೆ ನಡೆಯಲು ಸಿಗಬೇಕೆನ್ನುತ್ತದೆ. ಗಾಲಿಕುರ್ಚಿಗಳೆರಡು ಎದುರುಬದುರಾದಾಗ ದಾಟಿಹೋಗಲು ಅಷ್ಟು ಬೇಕೇ ಬೇಕು. ಅಡ್ಡಿಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಹೇಳಿದೆ. ಆಷಾಢದ ಗಾಳಿಗೆ ಬಿದ್ದ ಕಬ್ಬಿಣದ ಚೌಕಟ್ಟು ವಯಸ್ಸಾದವರೊಬ್ಬರ ಕಾಲಿಗೆ ಬಡಿದರೆ ಪರಿಹಾರದ ಹೊಣೆ ಅದನ್ನು ಇಟ್ಟವರ ಮೇಲೆಯೇ ಬರುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರ 2018ರ ನವೆಂಬರ್‌ನಲ್ಲಿ ಇಂಥ ಫಲಕಗಳನ್ನು ಇಡೀ ಊರಿನಲ್ಲಿ ನಿಷೇಧಿಸಿತು. ದೃಷ್ಟಿಯಿಲ್ಲದವರಿಗೆ ಅವು ಒಡ್ಡುವ ಅಪಾಯ ಆ ಚರ್ಚೆಯ ಮುಖ್ಯ ವಿಷಯವಾಗಿತ್ತು.

ಹಾಗಿದ್ದರೂ ನಮ್ಮ ಊರಿಗೆ ಸಂಪೂರ್ಣ ನಿಷೇಧವೊಂದೇ ದಾರಿಯೆಂದು ನಾನು ಒಪ್ಪುವುದಿಲ್ಲ. ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿದ ಊರು. 1.8 ಮೀಟರ್ ಬಿಟ್ಟ ಮೇಲೂ ಗೋಡೆಯ ಪಕ್ಕ ಜಾಗ ಉಳಿಯುವ ಅಗಲವಾದ ಫುಟ್‌ಪಾತ್ ಎಲ್ಲಿದೆಯೋ ಅಲ್ಲಿ, ಅಳತೆ ಗೊತ್ತುಮಾಡಿದ ಸಣ್ಣ ಫಲಕಕ್ಕೆ, ರಾತ್ರಿ ಒಳಗೆ ತೆಗೆದಿಡುವ ಷರತ್ತಿನ ಮೇಲೆ, ವರ್ಷಕ್ಕೊಮ್ಮೆ ಕಟ್ಟುವ ಅಲ್ಪ ಶುಲ್ಕದಲ್ಲಿ ಅನುಮತಿ ಕೊಡಬಹುದು. ಮಹಡಿಯ ಬಾಡಿಗೆದಾರರಿಗಾಗಿ ಪ್ರತಿ ಮೆಟ್ಟಿಲ ಬಾಗಿಲಲ್ಲೂ ಎಲ್ಲರ ಹೆಸರಿರುವ ಒಂದೇ ಸಾಮೂಹಿಕ ಹಲಗೆಯನ್ನು ಕಟ್ಟಡದ ಮಾಲೀಕರೇ ಹಾಕಿಸಬೇಕೆಂದೂ ಷರತ್ತು ಮಾಡಬಹುದು.

ಇದನ್ನು ಒಬ್ಬೊಬ್ಬರಾಗಿ ಕೇಳಿದರೆ ಆಗುವುದಿಲ್ಲ. ಒಂದು ಬೀದಿಯವರೆಲ್ಲ ಸೇರಿ ಆಯುಕ್ತರಿಗೆ ಒಂದೇ ಮನವಿ ಕೊಡಿ. ಗೋಡೆಯಿಂದ ಫುಟ್‌ಪಾತಿನ ಅಂಚಿನವರೆಗಿನ ಅಗಲವನ್ನು ಪ್ರತಿ ಅಂಗಡಿಯ ಎದುರೂ ಅಳೆದು ಕೈನಕ್ಷೆಯಲ್ಲಿ ಬರೆಯಿರಿ. ಮರ, ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಇರುವ ಕಡೆ ಗುರುತು ಹಾಕಿ, ಏಕೆಂದರೆ ಅಗಲ ಕಡಿಮೆಯಾಗುವುದು ಅಲ್ಲಿಯೇ. ಚಾಲ್ತಿಯಲ್ಲಿರುವ ಉದ್ದಿಮೆ ಪರವಾನಗಿಗಳ ಪ್ರತಿ, ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿ. ಮನವಿಯ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಉತ್ತರ ಬರುವವರೆಗೆ ಫಲಕ ಅಂಗಡಿಯ ಒಳಗಿರಲಿ.