ಮಳೆಗಾಲದ ರಜೆಯಲ್ಲಿ ಬೋಟಿನ ಬ್ಯಾಟರಿ ಚಾರ್ಜರಿನಲ್ಲೇ ಇರಬೇಕೇ?

ಪ್ರಶ್ನೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ, ದಕ್ಕೆಯಲ್ಲಿ ಕಟ್ಟಿಹಾಕಿದ ಬೋಟಿನ ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಿಯೇ ಇಡಬೇಕೇ?

ಉತ್ತರ: ಸಾಮಾನ್ಯ ಚಾರ್ಜರ್ ಆಗಿದ್ದರೆ ಖಂಡಿತ ಬೇಡ. ಬ್ಯಾಟರಿ ತುಂಬಿದ ಮೇಲೂ ಅದು ವಿದ್ಯುತ್ತನ್ನು ನೂಕುತ್ತಲೇ ಇರುವುದರಿಂದ ಒಳಗಿನ ನೀರು ಒಡೆದು ಜಲಜನಕವಾಗಿ ಹೊರಬರುತ್ತದೆ. ಮುಚ್ಚಿದ ಎಂಜಿನ್ ಕೋಣೆಯ ಗಾಳಿಯಲ್ಲಿ ಈ ಅನಿಲ ಶೇಕಡಾ 4ರಷ್ಟು ಸೇರಿದರೂ ಒಂದು ಕಿಡಿಗೆ ಸಿಡಿಯಬಲ್ಲದು. ತುಂಬಿದೊಡನೆ ವೋಲ್ಟೇಜನ್ನು 13.5ರ ಆಸುಪಾಸಿಗೆ ತಾನೇ ಇಳಿಸುವ ಚಾರ್ಜರ್ ಇದ್ದರೆ, ಗಾಳಿಯಾಡುವ ಜಾಗದಲ್ಲಿ ಸಿಕ್ಕಿಸಿಡಬಹುದು. ಆದರೂ ಮಳೆ ಸುರಿಯುವ ದಕ್ಕೆಯಲ್ಲಿ ತಂತಿ ಎಳೆದು, ಆಳಿಲ್ಲದ ಬೋಟಿನಲ್ಲಿ ಚಾರ್ಜರ್ ಬಿಟ್ಟುಬರುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಟರಿಯನ್ನು ಬಿಚ್ಚಿ ದಡಕ್ಕೆ ತರುವುದೇ ಲೇಸು.

ಹಾಗೆಂದು ಬಿಚ್ಚಿಟ್ಟು ಮರೆಯುವಂತೆಯೂ ಇಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿ ಬಳಸದಿದ್ದರೂ ತಾನಾಗಿ ಇಳಿಯುತ್ತದೆ. ಅರೆಖಾಲಿಯಾಗಿ ವಾರಗಟ್ಟಲೆ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಬಲ ಬರುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆಳೆಯುವವರಿಗೆ ಖಾಲಿ ಬ್ಯಾಟರಿಯ ದ್ರವ ಹೆಪ್ಪುಗಟ್ಟಿ ಪೆಟ್ಟಿಗೆ ಬಿರಿಯುವ ಭಯವುಂಟು. ಆ ಭಯ ನಮಗಿಲ್ಲ, ಆದರೆ ಚಳಿಯಲ್ಲಿ ಚಾರ್ಜ್ ನಿಧಾನವಾಗಿ ಇಳಿಯುವ ಅನುಕೂಲವೂ ಕರಾವಳಿಯ ಸೆಕೆಯಲ್ಲಿ ದೊರೆಯದು.

ಮೊದಲು ಎಲ್ಲ ಸ್ವಿಚ್ಚುಗಳನ್ನು ಆರಿಸಿ, ನೆಗೆಟಿವ್ ತಂತಿಯನ್ನು ಮೊದಲೂ ಪಾಸಿಟಿವ್ ತಂತಿಯನ್ನು ಆಮೇಲೂ ಬಿಚ್ಚಬೇಕು. ಮುಚ್ಚಳಗಳು ಭದ್ರವಾಗಿವೆಯೆಂದು ನೋಡಿಕೊಂಡು, ಮೇಲ್ಭಾಗದ ಉಪ್ಪು ಮತ್ತು ತೇವವನ್ನು ಒರೆಸಿ ಒಣಗಿಸುವುದನ್ನು ತಪ್ಪಿಸಬಾರದು, ಏಕೆಂದರೆ ಆ ಪಸೆಯ ಮೂಲಕವೂ ವಿದ್ಯುತ್ ಸೋರುತ್ತದೆ. ನೀರು ತುಂಬುವ ಬಗೆಯದಾದರೆ, ಫಲಕಗಳು ಮುಳುಗಿರುವಾಗ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಡಿಸ್ಟಿಲ್ಡ್ ವಾಟರನ್ನು ಗುರುತಿನ ಮಟ್ಟಕ್ಕೆ ಹಾಕಬೇಕು, ಆಮ್ಲ ಸೇರಿಸಕೂಡದು. ಸಿಮೆಂಟು ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆಂಬ ಮಾತು ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಅನ್ವಯಿಸದು.

ಎರಡು ಮೂರು ವಾರಕ್ಕೊಮ್ಮೆ ಮೀಟರ್ ಹಿಡಿದು ನೋಡಿ. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ ಸುಮಾರು 12.7 ತೋರಿಸುತ್ತದೆ, 12.4ಕ್ಕೆ ಇಳಿದರೆ ಕಾಲುಭಾಗ ಖಾಲಿಯಾಗಿದೆಯೆಂದು ತಿಳಿದು ಮತ್ತೆ ಚಾರ್ಜ್ ಮಾಡಬೇಕು. ಎರಡನ್ನು ಜೋಡಿಸಿ 24 ವೋಲ್ಟ್ ಮಾಡಿಕೊಂಡವರು ಒಂದೊಂದನ್ನೂ ಬೇರೆಯಾಗಿಯೇ ಅಳೆಯಬೇಕು, ಇಲ್ಲವಾದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಪೂರ್ತಿ ಚಾರ್ಜ್ ಮಾಡಿ ಒಂದು ದಿನ ಬಿಟ್ಟ ಮೇಲೂ 12.4 ದಾಟದ ಬ್ಯಾಟರಿಯನ್ನು ಅಂಗಡಿಯಲ್ಲಿ ಲೋಡ್ ಕೊಟ್ಟು ಪರೀಕ್ಷಿಸಿ, ಸೋತರೆ ಆಗಸ್ಟ್ 1ಕ್ಕೆ ಮೊದಲೇ ಬದಲಾಯಿಸಿಬಿಡಿ.