ಕೊಡೆಯೊಳಗಿಂದ ಕಾಣುವ ಊರು

ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಶಿವಮೊಗ್ಗದ ಬಸ್ ಸ್ಟ್ಯಾಂಡ್ ಕಡೆ ನಡೆದರೆ ಊರು ಅರ್ಧ ಮಾತ್ರ ಕಾಣುತ್ತದೆ. ಗಾಳಿ ಎದುರಿಂದ ಬೀಸಿದರೆ ಕೊಡೆಯನ್ನು ಮುಂದಕ್ಕೆ ಬಾಗಿಸಲೇಬೇಕು. ಆಗ ಕಾಣುವುದು ಎದುರಿನವರ ಚಪ್ಪಲಿ, ನೀರು ನಿಂತ ಗುಂಡಿ, ಅಂಗಡಿಯ ಮೆಟ್ಟಿಲು ಅಷ್ಟೆ. ಹತ್ತಡಿ ಮೇಲೆ ತೂಗುಹಾಕಿದ ಬೋರ್ಡು ನಮ್ಮ ಪಾಲಿಗೆ ಇಲ್ಲವೇ ಇಲ್ಲ.

ಬೋರ್ಡು, ನಕ್ಷೆ, ಬಾಣದ ಗುರುತುಗಳನ್ನು ರೂಪಿಸುವುದು ನನ್ನ ಕೆಲಸ. ಅದಕ್ಕೆ 'ಇನ್ಫರ್ಮೇಶನ್ ಡಿಸೈನ್' ಅಂತ ದೊಡ್ಡ ಹೆಸರಿದೆ. ನಮ್ಮಮ್ಮ ಮಾತ್ರ 'ಬೋರ್ಡ್ ಬರೆಸೋ ಕೆಲಸ' ಅಂತಲೇ ಹೇಳುವುದು. ತಪ್ಪೇನಿಲ್ಲ ಬಿಡಿ.

ಮೊದಲು ಕಣ್ಣಿನ ಲೆಕ್ಕ. ಕಣ್ಣಿನ ಡಾಕ್ಟರು ಓದಿಸುವ ಚಾರ್ಟ್ ನೆನಪಿದೆಯಲ್ಲ? ದೃಷ್ಟಿ ಸರಿಯಿದ್ದವರು 6 ಮೀಟರ್ ದೂರದಿಂದ ಓದಬೇಕಾದ ಇಂಗ್ಲಿಷ್ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಅದೇ ಲೆಕ್ಕದಲ್ಲಿ 60 ಮೀಟರ್ ದೂರಕ್ಕೆ 9 ಸೆಂಟಿಮೀಟರ್ ಅಕ್ಷರ ಬೇಕು. ಅದೂ ಒಳ್ಳೆ ಬೆಳಕಿನಲ್ಲಿ.

ಈಗ 'ತೀರ್ಥಹಳ್ಳಿ' ಬರೆಯಿರಿ. ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಅದರಾಚೆ ಅರ್ಕಾವತ್ತು, ಕೊನೆಯಲ್ಲಿ ಕಾಲ ಕೆಳಗೆ ಳ ಒತ್ತು. ಬಸ್ಸಿನ ಹಣೆಯಲ್ಲಿ ಪೇಂಟರ್‌ಗೆ ಸಿಗುವುದು ಒಂದು ಉದ್ದನೆಯ ಪಟ್ಟಿ. ಮೇಲಿನದಕ್ಕೂ ಕೆಳಗಿನದಕ್ಕೂ ಜಾಗ ಬಿಟ್ಟರೆ ಮೂಲ ಅಕ್ಷರ ಕುಗ್ಗುತ್ತದೆ. ಒತ್ತು ಇನ್ನೂ ಚಿಕ್ಕದು. ಅಕ್ಷರದ ಅರ್ಧದಷ್ಟಿರುವ ಒತ್ತನ್ನು ಓದಲು ಅರ್ಧ ದೂರಕ್ಕೆ ಬರಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು 60 ಮೀಟರನ್ನು ಐದೂವರೆ ಸೆಕೆಂಡಿನಲ್ಲಿ ದಾಟುತ್ತದೆ. ದೂರ ಅರ್ಧವಾದರೆ ಉಳಿಯುವುದು ಮೂರು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಕೈ ಅಡ್ಡ ಹಾಕಬೇಕು, ಕೊಡೆ ಮಡಚಬೇಕು.

ಸಾಗರಕ್ಕೆ ಹೋಗುವವರು ಪುಣ್ಯವಂತರು. ಮೂರೇ ಅಕ್ಷರ, ಒಂದು ಒತ್ತೂ ಇಲ್ಲ.

ಇಷ್ಟಾದರೂ ಜನ ಬಸ್ ತಪ್ಪಿಸಿಕೊಳ್ಳುವುದು ಅಪರೂಪ. ಯಾಕೆಂದರೆ ಬಸ್ ಸ್ಟ್ಯಾಂಡಿನಲ್ಲಿ ಓದುವುದಕ್ಕಿಂತ ಕೇಳುವುದು ಜಾಸ್ತಿ. 'ಮಂಡಗದ್ದೆ ತೀರ್ಥಳ್ಳಿ ಕೊಪ್ಪ ಶೃಂಗೇರೀ...' ಅಂತ ಕ್ಲೀನರ್ ಒಂದೇ ಉಸಿರಿಗೆ ಕೂಗುತ್ತಾನೆ. ಈ ಕೂಗನ್ನು ಗಮನವಿಟ್ಟು ಕೇಳಿ. ಗಾಜನೂರಿನ ಅಣೆಕಟ್ಟೆ, ಕಾಡಿನ ತಿರುವುಗಳು, ಕಿಲೋಮೀಟರ್ ಯಾವುದೂ ಅದರಲ್ಲಿಲ್ಲ. ಇರುವುದು ಊರುಗಳ ಸಾಲು, ಬರುವ ಕ್ರಮದಲ್ಲಿ. ಲಂಡನ್ನಿನ ಸುರಂಗ ರೈಲಿಗೆ ಹ್ಯಾರಿ ಬೆಕ್ ಮಾಡಿದ್ದೂ ಇದನ್ನೇ. ಎಲೆಕ್ಟ್ರಿಕಲ್ ಡ್ರಾಯಿಂಗ್ ಬರೆಯುತ್ತಿದ್ದ ಆತ 1931ರಲ್ಲಿ ಹಳಿಗಳ ಅಂಕುಡೊಂಕನ್ನೆಲ್ಲ ನೆಟ್ಟಗೆ ಮಾಡಿ ನಕ್ಷೆ ಬರೆದ. 1933ರಲ್ಲಿ ಅದು ಅಚ್ಚಾಗಿ ಜನರ ಕೈಗೆ ಬಂತು. ಸುರಂಗದೊಳಗೆ ಕೂತವನಿಗೆ ತಿರುವು ಕಟ್ಟಿಕೊಂಡು ಏನಾಗಬೇಕು? ಮುಂದಿನ ಸ್ಟೇಷನ್ ಯಾವುದು, ಎಲ್ಲಿ ಬದಲಾಯಿಸಬೇಕು, ಅಷ್ಟು ಸಾಕು. ಮಳೆಗಾಲದಲ್ಲಿ ಕಿಟಕಿಗೆ ಟಾರ್ಪಾಲ್ ಇಳಿಬಿಟ್ಟ ಮಲೆನಾಡಿನ ಬಸ್ಸೂ ಒಂದು ಸುರಂಗವೇ ಅಲ್ವಾ!

ಹೆಸರುಗಳ ಕಥೆಯೂ ಇದೇ ಥರ. ಬಿ.ಎಚ್. ರಸ್ತೆ ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಪೂರ್ತಿ ಹೇಳಿದರೆ ಹೆಸರೇ ಎರಡೂ ಕಡೆಗೆ ಬಾಣ ತೋರಿಸುತ್ತದೆ. ಎರಡಕ್ಷರಕ್ಕೆ ಇಳಿಸಿದ ಮೇಲೆ ಹೊಸಬರಿಗೆ ಅದೂ ಸುಮ್ನೆ ಒಂದು ರಸ್ತೆ.

ಹೋದ ವರ್ಷ ಅಪ್ಪನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು 'ಎಕ್ಸ್-ರೇ ತೆಗೆಸಿ' ಅಂದರು. ಚೀಟಿಯಲ್ಲಿ 'ರೇಡಿಯಾಲಜಿ' ಅಂತ ಇತ್ತು. ಬೋರ್ಡಿನಲ್ಲಿ 'ಕ್ಷ-ಕಿರಣ ವಿಭಾಗ'. ಒಂದೇ ಕೋಣೆಗೆ ಮೂರು ಹೆಸರು! ಔಷಧಿ ಕೌಂಟರಿನ ಗಾಜಿಗೆ ಯಾರೋ ಗಮ್ ಟೇಪ್ ಹಚ್ಚಿ ಒಂದು ಹಾಳೆ ಅಂಟಿಸಿದ್ದರು: 'ಎಕ್ಸ್-ರೇ ಇಲ್ಲಿ ಅಲ್ಲ. ಹಿಂದೆ.' ಯಾರ ಹಿಂದೆ? ಅಪ್ಪ ಕುಂಟುತ್ತಾ ಕಟ್ಟಡಕ್ಕೇ ಒಂದು ಸುತ್ತು ಬಂದರು. ಸಿಟ್ಟು ಬಂದರೂ ಆ ಹಾಳೆಯ ಫೋಟೋ ತೆಗೆದುಕೊಂಡೆ. ನನ್ನ ಕಸುಬಿನಲ್ಲಿ ಇಂಥ ಹಾಳೆಗಿಂತ ಒಳ್ಳೆ ಸಾಕ್ಷಿ ಇಲ್ಲ. ಜನ ದಾರಿ ತಪ್ಪಿ ಬಂದು ನಿಲ್ಲುವ ಜಾಗ ಅದು. ಬೋರ್ಡು ಬೇಕಿದ್ದದ್ದು ಅಲ್ಲೇ, ಅವರ ಬಾಯಲ್ಲಿರುವ ಪದದಲ್ಲೇ.

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲಿಸ್ ಜನರಿಂದ ಅವರ ಊರಿನ ನಕ್ಷೆಯನ್ನು ನೆನಪಿನಿಂದ ಬರೆಸಿದ್ದ. 1960ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ತಲೆಯೊಳಗಿನ ಊರು ದಾರಿ, ಅಂಚು, ಬಡಾವಣೆ, ಕೂಡುವ ಜಾಗ, ಗುರುತು ಈ ಐದರಿಂದ ಕಟ್ಟಿದ್ದು ಅಂತ ಅವನ ತೀರ್ಮಾನ. ನಮ್ಮಲ್ಲಿ ತುಂಗೆ ಅಂಚು, ಗೋಪಿ ಸರ್ಕಲ್ ಕೂಡುವ ಜಾಗ. ಗುರುತುಗಳಿಗಂತೂ ಲೆಕ್ಕವಿಲ್ಲ. ಕಡಿದುಹಾಕಿದ ಮರದ ಹೆಸರಲ್ಲೂ ಸ್ಟಾಪ್ ಇರುತ್ತದೆ.

ಗುರುತಿನ ಮೇಲೆ ಮೆದುಳಿಗೆ ಎಷ್ಟು ನಂಬಿಕೆ ಅನ್ನುವುದು ಇಲಿಗಳಲ್ಲಿ ಗೊತ್ತಾಗಿದೆ. ಒಂದೊಂದು ಜಾಗಕ್ಕೆ ಬಂದಾಗ ಒಂದೊಂದು ನರಕೋಶ ಮಿಡಿಯುವುದನ್ನು ಜಾನ್ ಓಕೀಫ್ 1971ರಲ್ಲಿ ವರದಿ ಮಾಡಿದರು. 2014ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಮುಂದಿನ ಪ್ರಯೋಗಗಳಲ್ಲಿ ಗೋಡೆಯ ಮೇಲಿನ ಒಂದು ಗುರುತನ್ನು ಪಕ್ಕಕ್ಕೆ ಸರಿಸಿದರೆ ಇಲಿಯ ತಲೆಯೊಳಗಿನ ನಕ್ಷೆಯೂ ಅದರ ಜೊತೆಗೇ ತಿರುಗಿತು.

ಕೊಡೆಯೊಳಗಿಂದಲೂ ಕಾಣುವ ಬೋರ್ಡು ಒಂದಿದೆ. ರಸ್ತೆ ಪಕ್ಕದ ಮೈಲಿಗಲ್ಲು. ಮೊಣಕಾಲೆತ್ತರದ್ದು. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಓದು ಬರದವರಿಗೂ ತಿಳಿಯುತ್ತದೆ. ಪಾಚಿ ಕಟ್ಟಿದರೆ ಮಾತ್ರ ಎಲ್ಲವೂ ಹಸಿರೇ!

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಅಜ್ಜಿಯನ್ನು ಕೇಳಿದೆ, 'ನಿಮ್ಮ ಬಸ್ಸು ಹೇಗೆ ಗೊತ್ತಾಗುತ್ತೆ ಅಜ್ಜಿ?'

'ಕನ್ನಡಕ ಮನೇಲಿದೆ ತಮ್ಮಾ. ನಮ್ ಬಸ್ಸಿನ ಗಾಜಲ್ಲಿ ದಾಸವಾಳದ ಹಾರ ಇರುತ್ತೆ.'

ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಆವತ್ತು ಹಾರ ಸೇವಂತಿಗೆಯದು. ಅಜ್ಜಿ ಎದ್ದವರು ಮತ್ತೆ ಕೂತರು. ಕ್ಲೀನರ್ ಬಾಗಿಲಿಂದ ಇಣುಕಿ, 'ಏನಜ್ಜಿ, ಬರಲ್ವಾ?' ಅಂದ ಮೇಲೆ ಚೀಲ ಎತ್ತಿಕೊಂಡರು.